ಭಾವ ಕೂಗಿದ ಮೇಲೆ ಬೌಲರ್ ಓಡಿ ಬರುತ್ತಾನೆ, ಏನು ಮಾಡಲಿ?

ಪ್ರಶ್ನೆ: ಸರ್, ನಾನು ಒಂಬತ್ತು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇನೆ. ಅಪ್ಪ, ಅಮ್ಮ ಬೆಂಗಳೂರಿನಿಂದ ಆರು ತಿಂಗಳಿಗೆಂದು ಬಂದಿದ್ದಾರೆ. ಅಪ್ಪನಿಗೆ ಮೊದಲಿನಿಂದಲೂ ಕ್ರಿಕೆಟ್ ಹುಚ್ಚು. 1974ರಲ್ಲಿ ಬೆಂಗಳೂರಿನಲ್ಲಿ ಮೊದಲ ಟೆಸ್ಟ್ ನಡೆದಾಗ ಸ್ಕೂಲಿಗೆ ಚಕ್ಕರ್ ಹೊಡೆದು ನೋಡಿ ಬಂದವರು. ಈಗ ಆರ್‌ಸಿಬಿ ಮ್ಯಾಚ್ ಒಂದೂ ಬಿಡುವುದಿಲ್ಲ. ಊರಲ್ಲಿ ಒಂದು ವರ್ಷಕ್ಕೆ ದುಡ್ಡು ಕಟ್ಟಿದ ಆ್ಯಪ್ ಇಲ್ಲಿ ತೆರೆಯುವುದೇ ಇಲ್ಲ. ಭಾರತದಿಂದಲೇ ನೋಡುತ್ತಿರುವ ಹಾಗೆ ತೋರಿಸುವ ವಿಪಿಎನ್ ಹಾಕಿದೆ. ಎರಡು ದಿನ ನಡೆಯಿತು, ಮೂರನೇ ದಿನ ನಿಂತಿತು. ಕೊನೆಗೆ ಇಲ್ಲಿನ ಚಂದಾ ತೆಗೆದುಕೊಂಡೆ. ಚಿತ್ರವೇನೋ ಬರುತ್ತದೆ. ಆದರೆ ಮೈಸೂರಿನ ಭಾವ ವಾಟ್ಸಾಪ್‌ನಲ್ಲಿ ‘ಹೋಯ್ತು!’ ಅಂತ ಹಾಕಿ ಅರ್ಧ ನಿಮಿಷ ಆದ ಮೇಲೆ ನಮ್ಮ ಟಿವಿಯಲ್ಲಿ ಬೌಲರ್ ಓಡಿ ಬರುತ್ತಾನೆ. ಇಂಟರ್ನೆಟ್ಟನ್ನು ಒಂದು ಗಿಗಾಬಿಟ್‌ಗೆ ಏರಿಸಿದರೂ ಏನೂ ಬದಲಾಗಲಿಲ್ಲ. ಬೆಟ್ಟಿಂಗ್ ತಡೆಯೋಕೆ ಅಂತ ಹೊರದೇಶದವರಿಗೆ ಬೇಕಂತಲೇ ತಡ ಮಾಡಿ ಕಳಿಸುತ್ತಾರೆ ಅನ್ನುವುದು ಭಾವನ ವಾದ. ನಿಜವೇ? ಇನ್ನು ಕನ್ನಡ ಕಾಮೆಂಟರಿ ಇಲ್ಲ. ಅಪ್ಪ ‘ಇದು ನಮ್ಮ ಮ್ಯಾಚ್ ಅಲ್ಲ ಕಣೋ’ ಅಂತ ಎದ್ದು ಹೋಗುತ್ತಾರೆ. ಚೆಂಡು ಬೌಂಡರಿಗೆ ಓಡುವಾಗ ತಡವರಿಸಿದ ಹಾಗೆ ಕಾಣುತ್ತದೆ. ಅಪ್ಪ ತಮ್ಮ ಕಣ್ಣಿಗೇ ಏನೋ ಆಗಿದೆ ಅಂದುಕೊಂಡಿದ್ದಾರೆ. ಪರಿಚಯದ ಅಂಗಡಿಯವರು ಒಂದು ಬಾಕ್ಸ್ ತೋರಿಸಿ, ಒಂದು ಸಲ 250 ಡಾಲರ್ ಕೊಟ್ಟರೆ ಕನ್ನಡ ಚಾನೆಲ್ಲೆಲ್ಲ ಜೀವನಪೂರ್ತಿ ಬರುತ್ತದೆ ಅಂತಿದ್ದಾರೆ. ತೆಗೆದುಕೊಳ್ಳಲೇ?

ಉತ್ತರ: ಮೊದಲು ನಿಮ್ಮ ತಂದೆಯವರಿಗೆ ಹೇಳಿಬಿಡಿ, ಅವರ ಕಣ್ಣಿಗೆ ಏನೂ ಆಗಿಲ್ಲ. ಹಾಗೆ ಗಮನಿಸಿದ್ದಾರೆ ಅಂದರೆ ಕಣ್ಣು ಚೆನ್ನಾಗೇ ಇದೆ. ಅದು ಟಿವಿಯ ಸಮಸ್ಯೆ, ಮುಂದೆ ಬರುತ್ತೇನೆ. ಬಾಕ್ಸ್ ಬೇಡ. ಅದಕ್ಕೂ ಕಾರಣ ಹೇಳುತ್ತೇನೆ.

ಇಪ್ಪತ್ತು ವರ್ಷಕ್ಕೂ ಮೇಲೆ ಈ ಪ್ರಸಾರದ ಕೆಲಸದಲ್ಲಿದ್ದೇನೆ. ಓಬಿ ವ್ಯಾನ್‌ನಲ್ಲಿ, ಅಂದರೆ ಮೈದಾನದ ಪಕ್ಕ ನಿಲ್ಲುವ ಪ್ರಸಾರದ ಗಾಡಿಯಲ್ಲಿ, ಕೇಬಲ್ ಎಳೆಯುವುದರಿಂದ ಶುರುಮಾಡಿ ಈಗ ಸ್ಟ್ರೀಮಿಂಗ್‌ವರೆಗೆ. ಹೊರದೇಶದಲ್ಲಿರುವ ನೆಂಟರೆಲ್ಲ ಏಪ್ರಿಲ್ ಬಂತೆಂದರೆ ನನಗೆ ಫೋನ್ ಮಾಡುವುದು ಇದಕ್ಕೇ. ಎಲ್ಲರೂ ಒಂದೇ ಪ್ರಶ್ನೆ ಅಂತ ಕೇಳುತ್ತಾರೆ. ಆದರೆ ಅದರೊಳಗೆ ಮೂರು ಆಸೆ ಇರುತ್ತವೆ. ಚಿತ್ರ ಚೆನ್ನಾಗಿ ಬರಬೇಕು, ಕನ್ನಡ ಕೇಳಿಸಬೇಕು, ಊರಿನವರ ಜೊತೆಯಲ್ಲೇ ನೋಡಿದ ಹಾಗಿರಬೇಕು. ಈ ಮೂರಕ್ಕೂ ಒಂದೇ ಮದ್ದು ಇಲ್ಲ. ದುಡ್ಡು ಕೊಟ್ಟರೆ ಮೊದಲನೆಯದು ಮಾತ್ರ ಸಿಗುತ್ತದೆ. ಉಳಿದೆರಡಕ್ಕೆ ನಿಮ್ಮ ಭಾವನೇ ಬೇಕು. ಹೇಗೆ ಅಂತ ನೋಡೋಣ.

ದುಡ್ಡು ಕಟ್ಟಿದ ಆ್ಯಪ್ ಅಲ್ಲಿ ಯಾಕೆ ತೆರೆಯುವುದಿಲ್ಲ? ನೀವು ಚಂದಾ ಕಟ್ಟಿದ್ದು ‘ನನಗೆ ಮ್ಯಾಚ್ ತೋರಿಸಿ’ ಅಂತ. ಕಂಪನಿ ಕೊಂಡಿರುವುದು ‘ಭಾರತದೊಳಗೆ ತೋರಿಸುವ ಹಕ್ಕು’. ಅದು ನೆಲಕ್ಕೆ ಅಂಟಿದ ಹಕ್ಕು, ಮನುಷ್ಯನಿಗಲ್ಲ. ಜೂನ್ 2022ರಲ್ಲಿ ಬಿಸಿಸಿಐ 2023ರಿಂದ 2027ರವರೆಗಿನ ಐಪಿಎಲ್ ಹಕ್ಕುಗಳನ್ನು ಹರಾಜು ಹಾಕಿತು. ಒಟ್ಟು 48,390 ಕೋಟಿ ರೂಪಾಯಿ. ಭಾರತದ ಟಿವಿ ಹಕ್ಕೊಂದಕ್ಕೇ 23,575 ಕೋಟಿ. ಇನ್ನು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಕೊಲ್ಲಿ ಎಲ್ಲ ಸೇರಿ ಹೊರದೇಶದ ಪಾಲು ಎಷ್ಟು ಗೊತ್ತೇ? 1,058 ಕೋಟಿ. ನೂರು ರೂಪಾಯಿಯಲ್ಲಿ ಎರಡು ರೂಪಾಯಿ ಚಿಲ್ಲರೆ. ಅಮೆರಿಕದ ಹಕ್ಕು ಟೈಮ್ಸ್ ಇಂಟರ್ನೆಟ್‌ಗೆ ಹೋಯಿತು, ಅವರದೇ ವಿಲೋ ಚಾನೆಲ್‌ನಲ್ಲಿ ನೀವು ಈಗ ನೋಡುತ್ತಿರುವುದು. ಊರಿನ ಆ್ಯಪ್ ನಿಮಗೆ ಅಲ್ಲಿ ಮ್ಯಾಚ್ ತೋರಿಸಿದರೆ ವಿಲೋದವರು ಕೊಂಡ ಹಕ್ಕಿಗೆ ಬೆಲೆ ಇರುವುದಿಲ್ಲ.

ಯುರೋಪಿನವರು ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. 2018ರಿಂದ ಅಲ್ಲಿನ ಒಂದು ಸದಸ್ಯ ದೇಶದಲ್ಲಿ ಕಟ್ಟಿದ ಚಂದಾ, ಇನ್ನೊಂದು ಸದಸ್ಯ ದೇಶಕ್ಕೆ ಪ್ರವಾಸ ಹೋದಾಗಲೂ ನಡೆಯಬೇಕು ಅಂತ ಕಾನೂನಿದೆ. ಭಾರತಕ್ಕೂ ಅಮೆರಿಕಕ್ಕೂ ನಡುವೆ ಅಂಥದ್ದಿಲ್ಲ. ಹಾಗಾಗಿ ನಿಮ್ಮ ತಂದೆಯವರ ಚಂದಾ ಹಾಳಾಗಿಲ್ಲ, ಊರಿಗೆ ಹೋದ ಮೇಲೆ ಮತ್ತೆ ಜೀವ ಬರುತ್ತದೆ. ಅಲ್ಲಿಯವರೆಗೆ ಆಟೋ ರಿನ್ಯೂವಲ್ ಆಫ್ ಮಾಡಿಡಿ.

ಈಗ ತಡದ ವಿಷಯ. ಭಾವನ ಬೆಟ್ಟಿಂಗ್ ಕಥೆ ನಾನೂ ಬಹಳ ಸಲ ಕೇಳಿದ್ದೇನೆ. ನಂಬುವ ಹಾಗೇ ಇದೆ, ಯಾಕೆಂದರೆ ಅರ್ಧ ಸತ್ಯ ಅದರಲ್ಲಿದೆ. ಮೈದಾನದಲ್ಲಿ ಕೂತು ಫೋನ್‌ನಲ್ಲಿ ಬಾಲ್ ಬಾಲ್ ಸುದ್ದಿ ಮುಟ್ಟಿಸಿ ಬೆಟ್ಟಿಂಗ್ ಆಡಿಸುವವರು ಇದ್ದಾರೆ. ಅವರಿಗೆ ಲಾಭ ಆಗುವುದು ಟಿವಿ ತಡವಾಗಿ ಬರುವುದರಿಂದಲೇ. ಅಂದರೆ ತಡ ಇದ್ದಷ್ಟೂ ಅವರಿಗೆ ಅನುಕೂಲ. ಬೆಟ್ಟಿಂಗ್ ತಡೆಯೋಕೆ ತಡ ಮಾಡುತ್ತಾರೆ ಅನ್ನುವುದು ಲೆಕ್ಕಕ್ಕೇ ಕೂರುವುದಿಲ್ಲ.

ನಿಜವಾದ ಕಾರಣ ಇಡ್ಲಿ ಪಾತ್ರೆಯ ಕಾರಣ. ಇಡ್ಲಿ ಬೆಂದ ಹಾಗೆಲ್ಲ ಒಂದೊಂದೇ ತೆಗೆಯುವುದಿಲ್ಲ, ಅಲ್ವಾ? ಒಂದು ಒಬ್ಬೆ ಪೂರ್ತಿ ಬೆಂದ ಮೇಲೆ ಇಳಿಸುತ್ತೇವೆ. ಇಂಟರ್ನೆಟ್‌ನಲ್ಲಿ ವಿಡಿಯೊ ಬರುವುದೂ ಹೀಗೆ. ಮ್ಯಾಚನ್ನು ಆರಾರು ಸೆಕೆಂಡಿನ ತುಂಡು ಮಾಡುತ್ತಾರೆ. ಒಂದು ತುಂಡು ಪೂರ್ತಿ ತಯಾರಾಗದೆ ಮುಂದೆ ಹೋಗುವುದಿಲ್ಲ. ನಿಮ್ಮ ಟಿವಿಯ ಆ್ಯಪ್ ಇನ್ನೂ ಜಾಣ. ಮೂರು ತುಂಡು ಕೈಯಲ್ಲಿ ಇಟ್ಟುಕೊಂಡು ಆಮೇಲೆ ತೋರಿಸಲು ಶುರುಮಾಡುತ್ತದೆ, ನಡುವೆ ನೆಟ್ ಎಡವಿದರೂ ಚಿತ್ರ ನಿಲ್ಲಬಾರದು ಅಂತ. ಅಲ್ಲಿಗೇ ಹದಿನೆಂಟು ಸೆಕೆಂಡ್ ಹೋಯಿತು. ಅದಕ್ಕೂ ಮೊದಲು ಮೈದಾನದಿಂದ ಸ್ಟುಡಿಯೊ, ಸ್ಟುಡಿಯೊದಿಂದ ನೀವಿರುವ ದೇಶದ ಕಂಪನಿ, ಅಲ್ಲಿ ಅವರ ಜಾಹೀರಾತು, ಅವರ ಲೋಗೊ, ಮತ್ತೆ ಬೇರೆ ಬೇರೆ ಗುಣಮಟ್ಟದ ನಾಲ್ಕೈದು ಪ್ರತಿ. ಎಲ್ಲ ಕೂಡಿದರೆ ಮೂವತ್ತರಿಂದ ನಲವತ್ತೈದು ಸೆಕೆಂಡ್ ತಡ ಸಾಮಾನ್ಯ.

ದೂರ ಜಾಸ್ತಿ ಇರುವುದರಿಂದ ತಡ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಪ್ರಸಾರದ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲಿದೆ. ಸಿಗ್ನಲ್ ಅಲ್ಲಿಗೆ ಹೋಗಿ ಕೆಳಗಿಳಿಯಲು ಕಾಲು ಸೆಕೆಂಡ್ ಸಾಕು. ಸಮುದ್ರದಡಿಯ ಕೇಬಲ್ ಇನ್ನೂ ಬೇಗ. ದಾರಿಯಲ್ಲಿ ಹೊತ್ತು ಹೋಗುವುದಿಲ್ಲ. ಹೋಗುವುದೆಲ್ಲ ನಿಲ್ದಾಣಗಳಲ್ಲಿ.

ಒಂದು ಗಿಗಾಬಿಟ್ ಸಂಪರ್ಕದ ವಿಷಯಕ್ಕೆ ಬಂದರೆ, ಕ್ಷಮಿಸಿ, ಆ ದುಡ್ಡು ಈ ಕೆಲಸಕ್ಕೆ ದಂಡ. ಎಚ್‌ಡಿ ಮ್ಯಾಚ್ ನೋಡಲು ಹತ್ತು ಮೆಗಾಬಿಟ್ ಸಾಕು. ರಸ್ತೆ ಅಗಲ ಮಾಡಿದರೆ ಇಡ್ಲಿ ಬೇಗ ಬೇಯುವುದಿಲ್ಲ. ತುಂಡು ಚಿಕ್ಕದು ಮಾಡಿ ತಡ ಇಳಿಸುವ ತಂತ್ರ ಇದೆ, 2019ರಿಂದ ಆ್ಯಪಲ್‌ನವರೇ ಒಂದು ವಿಧಾನ ಕೊಟ್ಟಿದ್ದಾರೆ. ಆದರೆ ಕಂಪನಿಗಳು ಹಿಂಜರಿಯುತ್ತವೆ, ಅದಕ್ಕೆ ಕಾರಣವೂ ಇದೆ. 2023ರ ನವೆಂಬರ್ 19ರ ವಿಶ್ವಕಪ್ ಫೈನಲನ್ನು ಭಾರತದಲ್ಲಿ ಒಂದೇ ಆ್ಯಪ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡುತ್ತಿದ್ದರು. ಅಷ್ಟು ಜನಕ್ಕೆ ಹತ್ತು ಸೆಕೆಂಡ್ ಬೇಗ ಕೊಡಲು ಹೋಗಿ ಎಲ್ಲರ ಚಿತ್ರವೂ ನಿಂತರೆ? ಆ ಕುರ್ಚಿಯಲ್ಲಿ ನಾನಿದ್ದರೂ ತಡವನ್ನೇ ಆರಿಸಿಕೊಳ್ಳುತ್ತಿದ್ದೆ.

ಭಾವ ನಿಮಗಿಂತ ಮುಂದಿರುವುದು ಮೈಸೂರಿನಲ್ಲಿದ್ದಾರೆ ಅಂತಲ್ಲ, ಬಹುಶಃ ಡಿಶ್ ಅಥವಾ ಕೇಬಲ್‌ನಲ್ಲಿ ನೋಡುತ್ತಿದ್ದಾರೆ ಅಂತ. ಅದರಲ್ಲಿ ತಡ ಕೆಲವೇ ಸೆಕೆಂಡ್. ಅವರ ಪಕ್ಕದ ಮನೆಯ ಹುಡುಗ ಮೊಬೈಲ್‌ನಲ್ಲಿ ನೋಡುತ್ತಿದ್ದರೆ ಅವನೂ ನಿಮ್ಮ ಹಾಗೇ ಹಿಂದೆ ಇರುತ್ತಾನೆ. ಕಾಂಪೌಂಡಿನಾಚೆ ‘ಸಿಕ್ಸ್’ ಅಂತ ಕೂಗು ಕೇಳಿದ ಮೇಲೆ ಅವನ ಫೋನಲ್ಲಿ ಬ್ಯಾಟ್ ಏಳುತ್ತದೆ.

2025ರ ಜೂನ್ 3ರ ಐಪಿಎಲ್ ಫೈನಲ್ ನೆನಪಿಸಿಕೊಳ್ಳಿ. ಕೊನೆಯ ಓವರ್, ಪಂಜಾಬ್‌ಗೆ 29 ಬೇಕು, ಹೇಜಲ್‌ವುಡ್ ಕೈಯಲ್ಲಿ ಚೆಂಡು. ಮೊದಲ ಎರಡು ಬಾಲ್‌ಗೆ ಒಂದೂ ರನ್ ಇಲ್ಲ. ಅಲ್ಲಿಗೆ ಆರ್‌ಸಿಬಿ ಹದಿನೆಂಟು ಸೀಸನ್ ಕಾದದ್ದು ಮುಗಿಯಿತು, ಕೊಹ್ಲಿ ಕಣ್ಣಲ್ಲಿ ನೀರು. ಆ ದಿನ ನಾನು ಟೊರಾಂಟೊದಲ್ಲಿರುವ ತಂಗಿ ಮನೆಯಲ್ಲಿದ್ದೆ. ಮಧ್ಯಾಹ್ನ ಎರಡು ಗಂಟೆ ಆಸುಪಾಸು. ಅವಳ ಟಿವಿಯಲ್ಲಿ ಹೇಜಲ್‌ವುಡ್ ಆ ಓವರಿನ ಮೊದಲ ಬಾಲ್ ಹಾಕಲು ಬೆನ್ನು ತಿರುಗಿಸಿ ನಡೆಯುತ್ತಿದ್ದಾನೆ. ಅಷ್ಟರಲ್ಲಿ ಸೋಫಾ ಮೇಲಿದ್ದ ಮೂರು ಫೋನ್ ಒಟ್ಟಿಗೇ ಗುಂಯ್ ಅಂದವು. ಯಾರೂ ಎತ್ತಲಿಲ್ಲ. ಎತ್ತದಿದ್ದರೇನು, ಎಲ್ಲರಿಗೂ ಗೊತ್ತಾಗಿಬಿಟ್ಟಿತು. ತಂಗಿ ಫೋನ್‌ಗಳನ್ನೆಲ್ಲ ಎತ್ತಿ ಅಡುಗೆಮನೆಯ ಅಕ್ಕಿ ಡಬ್ಬದ ಮೇಲಿಟ್ಟು ಬಂದಳು. ಅಷ್ಟು ಹೊತ್ತಿಗೆ ಆ ಎರಡು ಬಾಲ್ ಆಗಿಹೋಗಿತ್ತು.

ಹಾಗಾಗಿ ಮೊದಲ ಉಪಾಯ ಸುಲಭದ್ದು. ಫ್ಯಾಮಿಲಿ ಗ್ರೂಪ್ ಮ್ಯೂಟ್ ಮಾಡಿ, ಸ್ಕೋರ್ ಆ್ಯಪ್‌ಗಳ ನೋಟಿಫಿಕೇಶನ್ ಮುಚ್ಚಿ. ಕೈಗಡಿಯಾರದಲ್ಲೂ ಮುಚ್ಚಿ, ಅದನ್ನು ಎಲ್ಲರೂ ಮರೆಯುತ್ತಾರೆ. ಆದರೆ ನಿಮ್ಮ ಪತ್ರ ಓದಿದರೆ ನಿಮಗೆ ಭಾವನ ಬಾಯಿ ಮುಚ್ಚಿಸುವುದು ಬೇಕಾಗಿಲ್ಲ ಅನ್ನಿಸುತ್ತದೆ. ಅವರ ಜೊತೆ ನೋಡಬೇಕು, ಅಷ್ಟೇ.

ಅದಕ್ಕೆ ಒಂದೇ ದಾರಿ. ನೀವು ಮುಂದೆ ಹೋಗಲು ಆಗುವುದಿಲ್ಲ, ಅವರು ಹಿಂದೆ ಬರಬೇಕು. ಭಾವ ಮ್ಯಾಚನ್ನು ಆ್ಯಪ್‌ನಲ್ಲಿ ನೋಡಲಿ, ಅಥವಾ ಲೈವ್ ನಿಲ್ಲಿಸಿ ಮುಂದುವರಿಸುವ ಸೌಲಭ್ಯ ಇರುವ ಸೆಟ್‌ಟಾಪ್ ಬಾಕ್ಸ್‌ನಲ್ಲಿ ನೋಡಲಿ. ಫೋನ್ ಹಚ್ಚಿಕೊಳ್ಳಿ. ಬ್ಯಾಟ್‌ಗೆ ಚೆಂಡು ತಾಕಿದ ಕ್ಷಣ ಭಾವ ಪಾಜ್ ಒತ್ತಲಿ. ಚಿತ್ರ ನಿಂತುಕೊಂಡಿರಲಿ. ಅದೇ ಚೆಂಡು ನಿಮ್ಮ ಟಿವಿಯಲ್ಲಿ ಬ್ಯಾಟ್‌ಗೆ ತಾಕಿದಾಗ ನೀವು ‘ಹೂಂ’ ಅನ್ನಿ, ಅವರು ಪ್ಲೇ ಒತ್ತಲಿ. ಮುಗಿಯಿತು. ಒಂದರ್ಧ ಸೆಕೆಂಡ್ ಹೆಚ್ಚುಕಡಿಮೆ ಇರುತ್ತದೆ, ಅದು ಕಣ್ಣಿಗೆ ಗೊತ್ತಾಗುವುದಿಲ್ಲ. ಭಾವನ ಆ್ಯಪ್ ನಿಮ್ಮದಕ್ಕಿಂತಲೂ ಹಿಂದಿದ್ದರೆ ಇದೇ ಕೆಲಸ ನೀವು ಮಾಡಿ. ಮುಂದಿರುವವರು ನಿಲ್ಲಬೇಕು ಅನ್ನುವುದೊಂದೇ ನಿಯಮ.

ನೆಟ್ ಕಡಿದು ಯಾರದಾದರೂ ಚಿತ್ರ ಮತ್ತೆ ಶುರುವಾದರೆ ಲೆಕ್ಕ ತಪ್ಪುತ್ತದೆ. ಓವರ್ ಮುಗಿದಾಗ ಇನ್ನೊಮ್ಮೆ ಹೊಂದಿಸಿಕೊಳ್ಳಿ. ನಾಲ್ಕು ಮ್ಯಾಚ್ ಆದ ಮೇಲೆ ಇದು ಹಾರ್ಮೋನಿಯಂಗೆ ತಂಬೂರಿ ಶ್ರುತಿ ಮಾಡಿದಷ್ಟೇ ಸಲೀಸು.

ಈಗ ಕನ್ನಡ. ಐಪಿಎಲ್ ಟಿವಿಯಲ್ಲಿ ಕನ್ನಡದಲ್ಲೂ ಬರಲು ಶುರುವಾದದ್ದು 2018ರಲ್ಲಿ. ಬಹಳ ಜನ ಕಾಮೆಂಟೇಟರ್‌ಗಳು ಮೈದಾನದಲ್ಲೇ ಇರುತ್ತಾರೆ ಅಂದುಕೊಂಡಿದ್ದಾರೆ. ಪ್ರಾದೇಶಿಕ ಭಾಷೆಯವರು ಹೆಚ್ಚಾಗಿ ಸ್ಟುಡಿಯೊದಲ್ಲಿ ಪರದೆ ನೋಡಿಕೊಂಡು ಮಾತಾಡುತ್ತಾರೆ. ಮೈದಾನದಿಂದ ಹೊರಡುವ ಮೂಲ ಪ್ರಸಾರ ಒಂದೇ, ಇಂಗ್ಲಿಷ್ ಮಾತಿನದು. ಅದೇ ಎಲ್ಲ ದೇಶಕ್ಕೂ ಹೋಗುತ್ತದೆ. ಕನ್ನಡ ಅನ್ನುವುದು ಭಾರತದ ಕಂಪನಿ ತನ್ನ ಖರ್ಚಿನಲ್ಲಿ, ತನ್ನ ಮಾರುಕಟ್ಟೆಗೆ ಮಾಡಿಕೊಂಡದ್ದು. ಹೊರದೇಶದವರು ಅದನ್ನು ಬೇರೆಯಾಗಿ ತರಿಸಿಕೊಳ್ಳಬೇಕು. ಅಲ್ಲಿನ ಕನ್ನಡಿಗರ ಸಂಖ್ಯೆ ನೋಡಿ ಆ ಖರ್ಚು ಮಾಡಲು ಅವರಿಗೆ ಮನಸ್ಸು ಬರುವುದಿಲ್ಲ. ಆ ಎರಡು ರೂಪಾಯಿ ಚಿಲ್ಲರೆಯ ಲೆಕ್ಕ ಇಲ್ಲೂ ಬರುತ್ತದೆ. ಕೇಳಿದವರು ಕಡಿಮೆ ಅನ್ನುವುದೂ ಒಂದು ಕಾರಣ. ಚಂದಾದಾರರಾಗಿ ನೀವೂ ಒಂದು ಇಮೇಲ್ ಬರೆದು ಕೇಳಿ. ಇಂಥ ಬೇಡಿಕೆಗಳ ಪಟ್ಟಿಯನ್ನು ಕಂಪನಿಯೊಳಗೆ ನೋಡುತ್ತಾರೆ. ನಾನೇ ನೋಡಿದ್ದೇನೆ.

ಅಲ್ಲಿಯವರೆಗೆ? ಭಾವನ ಮನೆಯ ಟಿವಿಯಲ್ಲಿ ಕನ್ನಡ ಕಾಮೆಂಟರಿ ಇದೆ. ನೀವಿಬ್ಬರೂ ಈಗ ಒಂದೇ ಬಾಲ್ ನೋಡುತ್ತಿದ್ದೀರಿ. ಫೋನ್ ಹೇಗೂ ಹಚ್ಚಿದೆ. ನಿಮ್ಮ ಟಿವಿಯ ಇಂಗ್ಲಿಷ್ ಸಣ್ಣಗೆ ಮಾಡಿ, ಫೋನನ್ನು ಸ್ಪೀಕರ್‌ಗೆ ಹಾಕಿ. ಮೈಸೂರಿನ ಹಾಲ್‌ನಲ್ಲಿ ಕೇಳುವ ಕನ್ನಡವೇ ನಿಮ್ಮ ಚಿತ್ರಕ್ಕೆ ಹೊಂದುತ್ತದೆ. ನಡುವೆ ಅಕ್ಕ ಕಾಫಿ ತಂದಿಟ್ಟ ಸದ್ದು, ಭಾವನ ಗೊಣಗಾಟ ಎಲ್ಲ ಸೇರಿಕೊಂಡು ಬರುತ್ತದೆ. ಅಪ್ಪ ಎದ್ದು ಹೋಗುವುದಿಲ್ಲ ಅಂತ ನನ್ನ ಅಂದಾಜು.

ಇಲ್ಲೊಂದು ತೊಡಕಿದೆ. ಈಗಿನ ಕರೆಗಳಲ್ಲಿ ಹಿನ್ನೆಲೆಯ ಸದ್ದು ಅಳಿಸುವ ತಂತ್ರ ಇರುತ್ತದೆ. ಮಾತಾಡುವವರ ದನಿ ಮಾತ್ರ ಬಿಟ್ಟು ಬೇರೆಯದನ್ನು ಕತ್ತರಿಸುತ್ತದೆ. ಟಿವಿಯ ಕಾಮೆಂಟರಿ ಅದಕ್ಕೆ ಗಲಾಟೆಯ ಹಾಗೆ ಕಾಣುತ್ತದೆ. ಅರ್ಧ ಮಾತು ನುಂಗಿ, ಅರ್ಧ ಕೊಡುತ್ತದೆ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಅನ್ನುವ ಆಯ್ಕೆ ಇದೆ, ಸಂಗೀತ ಪಾಠ ಮಾಡುವವರಿಗೆಂದು ಕೊಟ್ಟದ್ದು. ಭಾವ ಅದನ್ನು ಆನ್ ಮಾಡಿ, ಫೋನನ್ನು ಟಿವಿಯಿಂದ ಒಂದು ಮೀಟರ್ ದೂರದಲ್ಲಿ, ಸ್ಪೀಕರ್ ಕಡೆಗೆ ಮುಖ ಮಾಡಿ ಇಡಲಿ. ನೀವು ನಿಮ್ಮ ಕಡೆ ಮೈಕ್ ಮ್ಯೂಟ್ ಮಾಡಿ, ಮಾತಾಡುವಾಗ ಮಾತ್ರ ತೆಗೆಯಿರಿ. ಇಲ್ಲದಿದ್ದರೆ ನಿಮ್ಮ ಟಿವಿಯ ಸದ್ದು ಅಲ್ಲಿಗೆ ಹೋಗಿ ತಿರುಗಿ ಬಂದು ಗುಂಯ್‌ಗುಟ್ಟುತ್ತದೆ. ಪುಕ್ಕಟೆ ಖಾತೆಯಲ್ಲಿ ಕರೆ 40 ನಿಮಿಷಕ್ಕೆ ಕಡಿಯುತ್ತದೆ. ಸ್ಟ್ರಾಟೆಜಿಕ್ ಟೈಮ್‌ಔಟ್ ಬಂದಾಗ ಎರಡೂವರೆ ನಿಮಿಷ ಸಿಗುತ್ತದಲ್ಲ, ಆಗಲೇ ಮತ್ತೆ ಹಚ್ಚಿಕೊಳ್ಳಿ.

ಇದು ಮನೆಯವರ ಫೋನ್ ಮಾತಿನ ಮಟ್ಟಕ್ಕೆ ಇರಲಿ. ಅದನ್ನೇ ನೂರು ಜನರ ಗ್ರೂಪ್‌ಗೆ ಲೈವ್ ಬಿಡಲು ಹೋದರೆ ಅದು ಬೇರೆ ವಿಷಯ, ಹಕ್ಕು ಕೊಂಡವರು ಸುಮ್ನೆ ಇರುವುದಿಲ್ಲ.

ಚೆಂಡು ತಡವರಿಸುವ ವಿಷಯ. ಭಾರತದ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ, ಅಮೆರಿಕದ್ದು 60. ಟಿವಿ ಹುಟ್ಟಿದ ಕಾಲದಲ್ಲಿ ಚಿತ್ರದ ವೇಗವನ್ನು ಕರೆಂಟಿಗೆ ಹೊಂದಿಸಿಕೊಂಡರು, ಆ ಲೆಕ್ಕ ಇವತ್ತಿಗೂ ಉಳಿದಿದೆ. ನಮ್ಮಲ್ಲಿ ಕ್ರಿಕೆಟ್ಟನ್ನು ಸೆಕೆಂಡಿಗೆ 50 ಚಿತ್ರದಂತೆ ತೆಗೆಯುತ್ತಾರೆ. ನಿಮ್ಮ ಟಿವಿ ಸೆಕೆಂಡಿಗೆ 60 ಚಿತ್ರ ಕೇಳುತ್ತದೆ. ಹತ್ತು ಚಿತ್ರ ಕಡಿಮೆ ಬಿತ್ತಲ್ಲ, ಅದಕ್ಕೆ ಪ್ರತಿ ಐದನೆಯದನ್ನು ಎರಡೆರಡು ಸಲ ತೋರಿಸಿ ತುಂಬಿಸುತ್ತದೆ. ಬ್ಯಾಟ್ಸ್‌ಮನ್ ನಿಂತಿದ್ದಾಗ ಏನೂ ಕಾಣುವುದಿಲ್ಲ. ಚೆಂಡಿನ ಜೊತೆ ಕ್ಯಾಮೆರಾ ಓಡಿದಾಗ ಗೊತ್ತಾಗುತ್ತದೆ. ಒಮ್ಮೆ ಪರೀಕ್ಷೆ ಮಾಡಿ. ಫೋರ್ ಹೋಗುವಾಗ ಚೆಂಡು ನೋಡಬೇಡಿ, ಬೌಂಡರಿ ಹಗ್ಗದ ಆಚೆಯ ಜಾಹೀರಾತು ಹಲಗೆಯ ಅಕ್ಷರ ನೋಡಿ. ಅಕ್ಷರಗಳು ಜಾರುವ ಬದಲು ಜಗ್ಗಿ ಜಗ್ಗಿ ಹೋದರೆ ಇದೇ ಕಾರಣ.

ಆ್ಯಪಲ್ ಟಿವಿ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾಚ್ ಫ್ರೇಮ್ ರೇಟ್’, ಫೈರ್ ಟಿವಿಯಲ್ಲಿ ‘ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್’ ಅಂತ ಇರುತ್ತದೆ. ಆನ್ ಮಾಡಿ. ಆ್ಯಪ್ ಅದಕ್ಕೆ ಒಪ್ಪಿದರೆ ಟಿವಿ 50ಕ್ಕೆ ಬದಲಾಗುತ್ತದೆ, ಒಂದು ಕ್ಷಣ ಪರದೆ ಕಪ್ಪಾಗಿ ಮತ್ತೆ ಬರುತ್ತದೆ. ಚೆಂಡು ನುಣ್ಣಗೆ ಓಡುತ್ತದೆ. ಕೆಲವು ಕಡೆ ಕಂಪನಿಯವರೇ 60ಕ್ಕೆ ಬದಲಾಯಿಸಿ ಕಳಿಸಿರುತ್ತಾರೆ. ಆಗ ಈ ಬಟನ್‌ನಿಂದ ಪ್ರಯೋಜನ ಇಲ್ಲ. ಟಿವಿಯ ಮೋಶನ್ ಸೆಟ್ಟಿಂಗ್ ಸ್ವಲ್ಪ ಏರಿಸಿ ನೋಡಿ. ಜಾಸ್ತಿ ಏರಿಸಿದರೆ ಸ್ಲಿಪ್‌ನಲ್ಲಿ ನಿಂತವರ ಸುತ್ತ ನೆರಳಿನ ಅಂಚು ಬರುತ್ತದೆ.

ವಿಪಿಎನ್. ಮೂರನೇ ದಿನ ಯಾಕೆ ನಿಂತಿತು ಅಂದರೆ, ನಿಮ್ಮಂತೆಯೇ ಸಾವಿರಾರು ಜನ ಅದೇ ಭಾರತದ ಇಂಟರ್ನೆಟ್ ವಿಳಾಸದಿಂದ (ಐಪಿ ಅಡ್ರೆಸ್) ಒಳಗೆ ಬಂದರು. ಒಂದು ಮನೆಯ ವಿಳಾಸದಲ್ಲಿ ಸಾವಿರ ಟಿವಿ ಇರುವುದಿಲ್ಲ. ವಿಪಿಎನ್ ನಡೆಯುವ ಡೇಟಾ ಸೆಂಟರ್‌ಗಳ ವಿಳಾಸಗಳ ಪಟ್ಟಿಯೇ ಕಂಪನಿಗಳ ಹತ್ತಿರ ಇರುತ್ತದೆ. ಕಂಡಕೂಡಲೇ ಮುಚ್ಚುತ್ತಾರೆ. ಇದು ಹಾವು ಏಣಿ ಆಟ. ಲೀಗ್ ಹಂತದಲ್ಲಿ ನಡೆದದ್ದು ಪ್ಲೇಆಫ್ ದಿನ ಕೈಕೊಡುತ್ತದೆ, ಯಾಕೆಂದರೆ ಕಾವಲು ಬಿಗಿಯಾಗುವುದು ಆ ದಿನಗಳಲ್ಲೇ. ನಿಮ್ಮಲ್ಲಿ ವಿಪಿಎನ್ ಬಳಸುವುದೇ ಅಪರಾಧವಲ್ಲ, ಆದರೆ ಚಂದಾದ ಕರಾರು ಮುರಿದಂತೆ. ಖಾತೆ ಮುಚ್ಚಿದರೆ ಕೇಳುವ ಹಾಗಿಲ್ಲ. ಕೊಲ್ಲಿಯಲ್ಲಿರುವ ಓದುಗರು ಇನ್ನೂ ಹುಷಾರಾಗಿರಬೇಕು. ಯುಎಇಯಲ್ಲಿ ತಪ್ಪು ಕೆಲಸ ಮಾಡಲು ಅಥವಾ ಅದನ್ನು ಮುಚ್ಚಿಡಲು ವಿಳಾಸ ಮರೆಮಾಚಿದರೆ 5 ಲಕ್ಷದಿಂದ 20 ಲಕ್ಷ ದಿರಮ್ ದಂಡ, ಜೈಲೂ ಆಗಬಹುದು. ಅಲ್ಲಿ ನಮ್ಮ ಕರಾವಳಿಯವರ ಎಷ್ಟೋ ಮನೆಗಳ ಮೇಲೆ ಊರಿನ ಡಿಶ್ ನೋಡುತ್ತೇವೆ. ಉಪಗ್ರಹದ ಸಿಗ್ನಲ್ ಗಡಿ ನೋಡಿ ನಿಲ್ಲುವುದಿಲ್ಲವಲ್ಲ, ದೊಡ್ಡ ತಟ್ಟೆ ಇಟ್ಟರೆ ಸಿಗುತ್ತದೆ. ಆದರೆ ಆ ಡಿಶ್ ಬಾಕ್ಸ್‌ನಲ್ಲಿರುವ ಕಾರ್ಡ್ ಭಾರತದೊಳಗೆ ಮಾತ್ರ ಬಳಸಲು ಕೊಟ್ಟದ್ದು. ಯಾವ ದಿನ ಬಂದ್ ಮಾಡಿದರೂ ದೂರು ಕೊಡುವ ಜಾಗ ಇಲ್ಲ.

ಇನ್ನು 250 ಡಾಲರಿನ ಬಾಕ್ಸ್. ನಾನು ಖಡಾಖಂಡಿತ ಬೇಡ ಅನ್ನುವುದು ಇದೊಂದಕ್ಕೇ. ಅಮೆರಿಕದ 2020ರ ಕಾನೂನು ಕದ್ದ ಪ್ರಸಾರದ ವ್ಯಾಪಾರ ಮಾಡುವವರಿಗೆ ಗುರಿಯಿಟ್ಟದ್ದು, ಮನೆಯಲ್ಲಿ ಕೂತು ನೋಡುವವರಿಗಲ್ಲ. ನನ್ನ ಭಯ ಪೊಲೀಸರದಲ್ಲ. ಭಯ ಆ ಬಾಕ್ಸ್‌ನದು.

ಒಂದು ಸಲ ನೆಂಟರೊಬ್ಬರು ಇಂಥದ್ದನ್ನು ತಂದು ‘ನೋಡಿ, ಸರಿ ಇದೆಯಾ’ ಅಂತ ಕೊಟ್ಟರು. ಅದನ್ನು ಬೇರೆಯದೇ ಒಂದು ರೌಟರಿಗೆ ಸಿಕ್ಕಿಸಿ, ಒಳಗೆ ಹೊರಗೆ ಏನು ಹೋಗುತ್ತದೆ ಅಂತ ನೋಡುತ್ತಾ ಕೂತೆ. ಟಿವಿ ಆಫ್ ಮಾಡಿದೆ. ರಾತ್ರಿ ಹನ್ನೊಂದೂವರೆ. ಬಾಕ್ಸ್‌ನ ಹಸಿರು ದೀಪ ಮಿಟುಕುತ್ತಲೇ ಇತ್ತು. ಯಾರೂ ಏನೂ ನೋಡುತ್ತಿಲ್ಲ, ಆದರೂ ನನಗೆ ಗುರುತೇ ಇಲ್ಲದ ವಿಳಾಸಗಳಿಗೆ ಡೇಟಾ ಹೋಗುತ್ತಿತ್ತು. ಬೆಳಿಗ್ಗೆಯವರೆಗೂ ನಿಲ್ಲಲಿಲ್ಲ.

ಜೂನ್ 2025ರಲ್ಲಿ ಎಫ್‌ಬಿಐ ಇದೇ ವಿಷಯಕ್ಕೆ ಎಚ್ಚರಿಕೆ ಕೊಟ್ಟಿತು. ಬ್ಯಾಡ್‌ಬಾಕ್ಸ್ 2.0 ಅನ್ನುವ ಜಾಲ. ಅಗ್ಗದ ಆಂಡ್ರಾಯ್ಡ್ ಟಿವಿ ಬಾಕ್ಸ್‌ಗಳಲ್ಲಿ ಕೆಲವಕ್ಕೆ ಕೊಳ್ಳುವ ಮೊದಲೇ ಕಳ್ಳ ಸಾಫ್ಟ್‌ವೇರ್ ಸೇರಿರುತ್ತದೆ, ಕೆಲವಕ್ಕೆ ಆ್ಯಪ್ ಹಾಕುವಾಗ ಸೇರುತ್ತದೆ. ಅದು ಬಂದ ಮೇಲೆ ನಿಮ್ಮ ಮನೆಯ ಇಂಟರ್ನೆಟ್ಟನ್ನು ಯಾರೋ ಬಾಡಿಗೆಗೆ ಕೊಡುತ್ತಾರೆ. ಎಲ್ಲೋ ಕೂತವನು ಮಾಡಿದ ವಂಚನೆಗೆ ನಿಮ್ಮ ಮನೆಯ ವಿಳಾಸ ಕಾಣುತ್ತದೆ. ವೀಸಾದ ಮೇಲೆ ಇರುವವರಿಗೆ ಇದು ಬೇಕಾ? ಅದೇ ವೈಫೈನಲ್ಲಿ ನಿಮ್ಮ ಆಫೀಸ್ ಲ್ಯಾಪ್‌ಟಾಪ್ ಕೂಡ ಇರುತ್ತದೆ. ‘ಜೀವನಪೂರ್ತಿ’ ಅನ್ನುವ ಮಾತಿಗೂ ಅರ್ಥವಿಲ್ಲ. ಯಾರ ಜೀವನ ಅಂತ ಕೇಳಿ. ಸರ್ವರ್ ಮುಚ್ಚಿದ ದಿನ ಅಂಗಡಿಯವರು ಫೋನ್ ಎತ್ತುವುದಿಲ್ಲ. ಈಗಾಗಲೇ ಮನೆಯಲ್ಲಿ ಅಂಥದ್ದು ಇರುವವರು ಸ್ವಿಚ್ ಆಫ್ ಮಾಡಿದರೆ ಸಾಲದು, ವೈರು ಕಿತ್ತು ತೆಗೆಯಿರಿ. ವೈಫೈ ಪಾಸ್‌ವರ್ಡ್ ಬದಲಾಯಿಸಿ.

ಹಾಗಾದರೆ ಉಳಿದದ್ದು ನೀವು ಈಗಾಗಲೇ ತೆಗೆದುಕೊಂಡಿರುವ ಚಂದಾನೇ. ಅದು ಸರಿಯಾದ ಆಯ್ಕೆ. ಐಪಿಎಲ್ ನಡೆಯುವುದು ಸುಮಾರು ಎರಡು ತಿಂಗಳು. ಬೇರೆ ಕ್ರಿಕೆಟ್ ನೋಡದಿದ್ದರೆ ತಿಂಗಳ ಲೆಕ್ಕದಲ್ಲಿ ಕಟ್ಟಿ ನಿಲ್ಲಿಸಬಹುದು. ಆದರೆ ವರ್ಷದ ದರವನ್ನೂ ಒಮ್ಮೆ ಹೋಲಿಸಿ ನೋಡಿ, ಕೆಲವು ಸಲ ಅಲ್ಲೇ ಉಳಿತಾಯ. ಯಾವ ದೇಶದಲ್ಲಿ ಯಾರ ಹತ್ತಿರ ಹಕ್ಕಿದೆ ಅನ್ನುವುದು ಬದಲಾಗುತ್ತಿರುತ್ತದೆ. 2027ರ ನಂತರ ಮತ್ತೆ ಹರಾಜು. ಮೂರ್ನಾಲ್ಕು ವರ್ಷದ ಚಂದಾ ಒಟ್ಟಿಗೆ ಕಟ್ಟುವ ಆಸೆಗೆ ಬೀಳಬೇಡಿ. ಓವರ್ ನಡುವೆ ಜಾಹೀರಾತಿನ ಬದಲು ‘ಸ್ವಲ್ಪ ಹೊತ್ತಿನಲ್ಲೇ ಬರುತ್ತೇವೆ’ ಅನ್ನುವ ಚಿತ್ರ, ಅದೇ ಒಂದು ಸಂಗೀತ ಬರುತ್ತದಲ್ಲ, ಅದೇನೂ ದೋಷ ಅಲ್ಲ. ಭಾರತದ ಜಾಹೀರಾತು ಕತ್ತರಿಸಿದ ಜಾಗಕ್ಕೆ ಅಲ್ಲಿ ತುಂಬಿಸಲು ಜಾಹೀರಾತು ಸಿಕ್ಕಿಲ್ಲ, ಅಷ್ಟೇ.

ಹೊತ್ತಿನ ವಿಷಯದಲ್ಲಿ ನೀವು ಪುಣ್ಯವಂತರು. ಇಲ್ಲಿಯ ಸಂಜೆ ಏಳೂವರೆಯ ಮ್ಯಾಚ್ ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ ಹತ್ತಕ್ಕೆ. ನೀವು ಆಫೀಸಿನಲ್ಲಿದ್ದರೂ ಅಪ್ಪ ತಿಂಡಿ ಮುಗಿಸಿ ಕೂರಬಹುದು. ಸಿಡ್ನಿಯಲ್ಲಿರುವ ನನ್ನ ಗೆಳೆಯನಿಗೆ ಅದು ನಡುರಾತ್ರಿ. ಮಾರ್ಚ್ ಕೊನೆಯಲ್ಲಾದರೆ ಒಂದು ಗಂಟೆ. ಅವನು ಮೊದಲ ಇನ್ನಿಂಗ್ಸ್ ನಿದ್ದೆ ಮಾಡಿ ಎರಡನೆಯದಕ್ಕೆ ಏಳುತ್ತಾನೆ. ಭಾನುವಾರ ಎರಡು ಮ್ಯಾಚ್ ಇದ್ದರೆ ಮೊದಲನೆಯದು ನಿಮಗೆ ಬೆಳಿಗ್ಗೆ ಆರಕ್ಕೆ, ಅಪ್ಪ ಹೇಗೂ ಎದ್ದಿರುತ್ತಾರೆ.

ಟಾಸ್ ಏಳು ಗಂಟೆಗೆ, ನಿಮಗೆ ಒಂಬತ್ತೂವರೆ. ಭಾವನಿಗೆ ಆಗಲೇ ಫೋನ್ ಹಚ್ಚಿ. ಶ್ರುತಿ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಾಣ್ಯ ಮೇಲಕ್ಕೆ ಹಾರಿದ ಕ್ಷಣ ಭಾವ ನಿಲ್ಲಿಸಲಿ, ನಿಮ್ಮ ಪರದೆಯಲ್ಲಿ ಹಾರಿದಾಗ ಅಪ್ಪ ‘ಹೂಂ’ ಅನ್ನಲಿ. ಯಾರು ಗೆದ್ದರು ಅಂತ ಭಾವನಿಗೂ ಆಗ ಗೊತ್ತಿರುವುದಿಲ್ಲ.